ಇಪ್ಪತ್ತೊಂದು ದಿನದ ಪಥ್ಯ

ಪುಸ್ತಕ ಬರೆಯುವುದು ಅಷ್ಟೇನೂ ಕಷ್ಟವಲ್ಲ. ಅದನ್ನು ಓದಿದವರ ಜೊತೆ ದಿನಾ ಒಂದೇ ಬಸ್ಸಿನಲ್ಲಿ ಓಡಾಡುವುದು ಕಷ್ಟ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಮಂಗಳೂರಿನ ಒಂದು ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ಮೂವತ್ತಾರು ದಿನ ಇದ್ದೆ. ಹದಿನೆಂಟು ವರ್ಷ ಅದನ್ನು ಯಾರಿಗೂ ಹೇಳದೆ ಇದ್ದು, ಕೊನೆಗೆ ಒಮ್ಮೆಲೇ ಎಲ್ಲರಿಗೂ ಹೇಳಿಬಿಡುವ ಹಾಗೆ ಪುಸ್ತಕ ಮಾಡಿದೆ. ಪೆರಾಬೆಯ ಮನೆಯಿಂದ ಪುತ್ತೂರಿನ ಕೆಲಸಕ್ಕೆ ಬಸ್ಸಿನಲ್ಲೇ ಹೋಗಿಬರುವವಳಾದ್ದರಿಂದ ವಿಮರ್ಶೆಗಳೆಲ್ಲ ನನಗೆ ನಿಂತಲ್ಲೇ ಸಿಕ್ಕಿದವು.

"ಭಾಷೆ ಚಂದ ಉಂಟು. ಈಗ ಮಾತ್ರೆ ಎಲ್ಲ ನಿಲ್ಲಿಸಿದ್ದೀರಾ?" ಎಂದು ನಿವೃತ್ತ ಮಾಸ್ಟ್ರೊಬ್ಬರು ಇಡೀ ಬಸ್ಸಿಗೆ ಕೇಳುವಂತೆ ವಿಚಾರಿಸಿದರು. "ಇಲ್ಲ, ಒಂದು ಉಂಟು" ಅಂದೆ. ಅವತ್ತಿನಿಂದ ಕಂಡಕ್ಟರ್ ನನ್ನ ಹತ್ತಿರ ವಿಪರೀತ ಮೆದುವಾಗಿ ಮಾತಾಡುತ್ತಾನೆ. ಮದುವೆಯೊಂದರಲ್ಲಿ ಪಕ್ಕದ ಎಲೆಗೆ ಕೂತ ಸಂಬಂಧಿಕರು, "ನಮ್ಮ ಮನೆಯ ಹೆಸರು ಹಾಕ್ಲಿಲ್ಲ ಅಲ್ವಾ, ಅದೊಂದು ದೊಡ್ಡ ಉಪಕಾರ" ಎಂದು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ನೆಲ್ಯಾಡಿಯಿಂದ ಒಬ್ಬಳು ಫೋನ್ ಮಾಡಿ, ತನ್ನ ಫ್ರೆಂಡಿಗೆ ಬೇಕು ಎಂದು ಡಾಕ್ಟರ ನಂಬರು ಕೇಳಿದಳು. ಅಲ್ಲಿ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುತ್ತಾರಾ ಎಂದು ಮೂರು ಸಲ ಕೇಳಿದಳು. ಫ್ರೆಂಡ್ ಯಾರೆಂದು ನಾನು ಕೇಳಲಿಲ್ಲ. ಎರಡು ವಾರ ಕಳೆದು ಮೆಸೇಜು ಬಂತು: "ನಾನು ನಿನ್ನೆ ಸೇರಿದೆ. ಊಟ ಪರವಾಗಿಲ್ಲ." ಆ ಒಂದು ಮೆಸೇಜಿಗಾಗಿಯಾದರೂ ಬರೆದದ್ದು ಸಾರ್ಥಕವಾಯಿತು ಎಂದು ಕಣ್ಣೀರು ಹಾಕಿದೆ. ಸ್ವಲ್ಪ ಜಂಬವೂ ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಎಲ್ಲರಿಗೂ ಹಿಡಿಸಿದ್ದು ಮಾತ್ರ ಕಾಮಾಲೆಯ ಅಧ್ಯಾಯ. ಆ ಮೂವತ್ತಾರು ದಿನ ನಮ್ಮ ಮನೆಯವರು ಊರಿಗೆ ಹೇಳಿದ್ದು ನನಗೆ ಕಾಮಾಲೆ ಎಂದು. ಕಾಮಾಲೆಯಾದರೆ ಎಷ್ಟು ದಿನ ಬೇಕಾದರೂ ಆಸ್ಪತ್ರೆಯಲ್ಲಿರಬಹುದು, ಬಂದ ಮೇಲೆ ಸೊರಗಿರಬಹುದು, ಯಾರೂ ಕುಲಗೋತ್ರ ಕೆದಕುವುದಿಲ್ಲ. ಈ ಜಾಣತನದಲ್ಲಿ ಒಂದೇ ಎಡವಟ್ಟು ಎಂದರೆ, ನಮ್ಮ ಮೇಲಿನ ಮನೆಯ ಹೆಂಗಸು ಊರಿಗೆಲ್ಲ ಕಾಮಾಲೆಗೆ ಮದ್ದು ಕೊಡುವವರು. ನೆಂಟರಲ್ಲ, ಆದರೂ ಹುಟ್ಟಿದಾಗಿನಿಂದ ನಾನು ಅವರನ್ನು ಅತ್ತೆ ಎಂದೇ ಕರೆಯುವುದು. ಸುದ್ದಿ ಕೇಳಿದ್ದೇ ಮರುದಿನ ಬೆಳಗ್ಗೆ ನೆಲನೆಲ್ಲಿ ಕಿತ್ತು ಅರೆದು, ಬಾಳೆಲೆಯಲ್ಲಿ ಪೊಟ್ಟಣ ಕಟ್ಟಿ, ಅಪ್ಪ ನನ್ನನ್ನು ನೋಡಲು ಮಂಗಳೂರಿಗೆ ಹೊರಡುವ ಮೊದಲು ತಂದು ಅಮ್ಮನ ಕೈಗೆ ಕೊಟ್ಟರು. ಹಾಗೆ ಇಪ್ಪತ್ತೊಂದು ದಿನ ತಂದರು. ಚಿಕ್ಕಮ್ಮ ನನ್ನ ಜೊತೆ ಆಸ್ಪತ್ರೆಯಲ್ಲಿದ್ದಳು, ಅಮ್ಮ ಮನೆಯಲ್ಲಿ ಹಟ್ಟಿಯ ದನಗಳನ್ನು ನೋಡಿಕೊಂಡು ಊರಿಗೆ ಸುಳ್ಳು ಹೇಳಿಕೊಂಡಿದ್ದಳು. ನಾನು ಮನೆಗೆ ಬಂದಾಗ ದಾಸವಾಳದ ಬುಡದಲ್ಲಿ ಒಣಗಿದ ಬಾಳೆಲೆ ಚೂರುಗಳ ರಾಶಿ ಬಿದ್ದಿತ್ತು. ಅದನ್ನೇ ಪುಸ್ತಕದಲ್ಲಿ ಬಣ್ಣ ಕಟ್ಟಿ ಬರೆದೆ: ಅಮ್ಮ ಮದ್ದನ್ನೆಲ್ಲ ದಾಸವಾಳಕ್ಕೆ ಹಾಕಿದಳು, ಆಮೇಲೆ ಆ ಗಿಡಕ್ಕೆ ಜನ್ಮದಲ್ಲಿ ಕಾಮಾಲೆ ಬರಲಿಲ್ಲ.

ಸುಳ್ಯದ ಒಂದು ಕಾಲೇಜಿನಲ್ಲಿ ಆ ಪುಟವನ್ನೇ ಓದಿ ಎಂದು ಕೇಳಿದರು. ಓದಿದೆ. ಸಭೆ ಬಿದ್ದು ಬಿದ್ದು ನಕ್ಕಿತು. ಸಭೆಯಲ್ಲಿ ಮೇಲಿನ ಮನೆಯ ಅತ್ತೆಯ ಮೊಮ್ಮಗಳೂ ಇದ್ದಳೆಂಬುದು ನನಗೆ ಗೊತ್ತಿರಲಿಲ್ಲ. ಅವಳು ಪುಸ್ತಕವನ್ನು ಮನೆಗೆ ಒಯ್ದು ಅಜ್ಜಿಗೆ ಕೊಟ್ಟಳು, ಅಜ್ಜಿ ಕನ್ನಡಕ ಏರಿಸಿ ಒಂದು ವಾರದಲ್ಲಿ ಓದಿ ಮುಗಿಸಿದರು.

ಆಮೇಲೆ ಅವರು ನಮ್ಮ ಮನೆಗೆ ಬರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಪ್ರತಿ ಮಧ್ಯಾಹ್ನ ಊಟ ಮುಗಿಸಿ ಬಂದು, ಅಮ್ಮನ ಜೊತೆ ಎಲೆಯಡಿಕೆ ಹಾಕಿಕೊಂಡು, ನಾಲ್ಕು ಗಂಟೆಯ ಚಾ ಕುಡಿದೇ ಹೋಗುತ್ತಿದ್ದವರು. ಅಮ್ಮ ಕೊಟ್ಟು ಕಳಿಸಿದ ಮಜ್ಜಿಗೆಯೂ ಹಾಗೇ ವಾಪಸು ಬಂತು. ಎರಡು ಗಂಟೆಯಾದರೆ ಅಮ್ಮ ಜಗಲಿಗೆ ಬಂದು ಮೇಲಿನ ಮನೆಯ ದಾರಿ ನೋಡುತ್ತಿದ್ದಳು. ಅವಳಿಗೆ ಇದ್ದುದು ಅದೊಂದೇ ಸ್ನೇಹ, ಅದನ್ನು ನಾನು ಒಂದು ನಗೆಗೆ ಮಾರಿಕೊಂಡಿದ್ದೆ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಮೂರನೇ ಭಾನುವಾರ, "ಬಾ, ಹೋಗಿ ಕಾಲು ಹಿಡಿಯುವ" ಎಂದು ಅಮ್ಮನನ್ನು ಎಬ್ಬಿಸಿಕೊಂಡು ಹೋದೆ. ಅತ್ತೆ ಅಂಗಳದ ನೆರಳಿನಲ್ಲಿ ಹಲಸಿನ ಹಪ್ಪಳ ಮಾಡುತ್ತಿದ್ದರು. ಒಬ್ಬರು ಉಂಡೆ ಕಟ್ಟಿ ಒಬ್ಬರು ಒತ್ತುವ ಕೆಲಸವನ್ನು ಒಬ್ಬರೇ ಮಾಡುತ್ತಿದ್ದರು.

"ಬನ್ನಿ, ಕೂತುಕೊಳ್ಳಿ" ಅಂದರು ನನಗೆ. ನಲವತ್ತು ವರ್ಷದಲ್ಲಿ ಮೊದಲ ಸಲ ನನ್ನನ್ನು ಬಹುವಚನದಲ್ಲಿ ಕರೆದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ನಾನು ಬಾಯಿಬಿಡುವ ಮೊದಲೇ ಅವರು ಶುರು ಮಾಡಿದರು. "ಪುಸ್ತಕ ಓದಿದೆ. ನೀವು ಪಟ್ಟ ಕಷ್ಟ ಓದಿ ಎರಡು ದಿನ ಊಟ ಸೇರ್ಲಿಲ್ಲ. ಮತ್ತೆ ನನ್ನ ಪುಟ ಬಂತು. ಮದ್ದು ಕೊಡುವವರೂ ಪಥ್ಯ ಹಿಡೀಬೇಕು, ಇಲ್ಲದಿದ್ರೆ ಮದ್ದು ತಾಗುದಿಲ್ಲ. ನಮ್ಮ ಮನೆಯ ಕ್ರಮ ಅದು. ಇಪ್ಪತ್ತೊಂದು ದಿನ ನಾನು ಎಣ್ಣೆ, ಮೆಣಸು, ಒಗ್ಗರಣೆ ಒಂದೂ ಮುಟ್ಲಿಲ್ಲ. ಅದರ ನಡುವೆ ತಮ್ಮನ ಮಗನ ಮದುವೆ ಬಂತು. ಅಲ್ಲಿಯೂ ಗಂಜಿ ಉಂಡು ಬಂದೆ. ಎಂತಕ್ಕೆ? ನಿಮ್ಮ ಕಣ್ಣಿನ ಹಳದಿ ಇಳೀಲಿ ಅಂತ."

ಈ ಪಥ್ಯದ ವಿಷಯ ನನಗೆ ಗೊತ್ತೇ ಇರಲಿಲ್ಲ.

"ತಲೆ ಸರಿ ಇಲ್ಲ ಅಂತ ಹೇಳಿದ್ರೆ ನಾನೇನು ಊರಿಗೆ ಡಂಗುರ ಸಾರ್ತಿದ್ನಾ?" ಈ ಮಾತು ಅಮ್ಮನಿಗೆ.

"ತಪ್ಪಾಯ್ತು ಅತ್ತೆ, ಇನ್ನೊಮ್ಮೆ ಅಚ್ಚು ಹಾಕುವಾಗ ಆ ಪುಟ ತೆಗೀತೇನೆ" ಅಂದೆ.

"ತೆಗೆದ್ರೆ? ನಕ್ಕವರ ನಗೆ ವಾಪಸ್ ಹೋಗ್ತದಾ?"

ಅಮ್ಮ ಅಷ್ಟರಲ್ಲಿ ಸೆರಗು ಸಿಕ್ಕಿಸಿ ಮಣೆಯ ಎದುರು ಕೂತು, ಉಂಡೆ ಎತ್ತಿ ಒತ್ತಲು ತೊಡಗಿದ್ದಳು. ಕೈ ನಿಲ್ಲಿಸದೆ ಅಂದಳು: "ಅಕ್ಕ, ಅವಳು ಬರೆದದ್ದು ಸರಿ ಇಲ್ಲ. ದಾಸವಾಳಕ್ಕೆ ಹಾಕಿದ್ದು ಬಾಳೆಲೆ ಮಾತ್ರ. ಮದ್ದು ನಾನು ತಿಂದೆ."

"ಎಂತ?"

"ನಾನೇ ತಿಂದೆ, ದಿನಾ. ನೀವು ಪಥ್ಯದಲ್ಲಿದ್ದದ್ದು ನನಗೆ ಗೊತ್ತಿತ್ತು. ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ಇವಳ ಅಪ್ಪ ಬಸ್ಸು ಹತ್ತಿದ ಮೇಲೆ ದೇವರ ಹತ್ರ ಹೋಗಿ, ನಾನು ತಿಂದದ್ದು ಅವಳಿಗೆ ತಾಗ್ಲಿ ಅಂತ ಹೇಳಿ ತಿನ್ನುದು. ಒಗ್ಗರಣೆ ನಾನೂ ಬಿಟ್ಟಿದ್ದೆ."

ಅತ್ತೆಯ ಕೈಯಲ್ಲಿದ್ದ ಉಂಡೆ ಹಾಗೇ ಉಳಿಯಿತು. "ಹೇಳ್ಬಹುದಿತ್ತಲ್ಲ ಮಾರಾಯ್ತಿ, ಇಷ್ಟು ವರ್ಷದಲ್ಲಿ."

"ಮದ್ದು ತಿಂದೆ ಅಂತ ಹೇಳಿದ್ರೆ ಸುಳ್ಳು ಹೇಳಿದ್ದನ್ನೂ ಹೇಳ್ಬೇಕಿತ್ತಲ್ಲ. ಅದಕ್ಕೆ ಹೆದರಿದೆ."

ಅತ್ತೆ ಕೈಯಲ್ಲಿದ್ದ ಉಂಡೆಯನ್ನು ಅಮ್ಮನ ಮಣೆಯ ಮೇಲಿಟ್ಟರು. ಆಮೇಲೆ ಅಂದರು, "ಕಾಮಾಲೆ ಇಲ್ಲದವರು ತಿಂದ್ರೆ ಹೊಟ್ಟೆ ತೊಳಸ್ತದೆ."

"ತೊಳಸಿತು" ಅಂದಳು ಅಮ್ಮ.

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು. "ನೋಡುದೆಂತ ಕೂತು? ಚಾಪೆ ಬಿಡಿಸು, ಒತ್ತಿದ್ದನ್ನು ಒಣಗ್ಲಿಕ್ಕೆ ಹಾಕು." ಏಕವಚನ ಕೇಳಿ ನನಗೆ ಜೀವ ಬಂತು.

ಮನೆಗೆ ವಾಪಸು ಬರುವಾಗ ದಾರಿಯಲ್ಲಿ ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. "ಅಚ್ಚಿಗೆ ಹೋಗುವ ಮೊದಲು ಇಡೀ ಪುಸ್ತಕ ನಿನಗೆ ಓದಿ ಹೇಳಿದ್ದೇನಲ್ಲಮ್ಮ. ಅವತ್ತೇ ಯಾಕೆ ತಿದ್ದಲಿಲ್ಲ?"

"ನೀನು ಓದಿದೆ, ನಾನು ಕೇಳಿದೆ. ನೀನು ನನ್ನತ್ರ ಎಂತ ಕೇಳಿದ್ದಿ?"

ಕೇಳಿದ್ದು ನಿಜಕ್ಕೂ ಏನೂ ಇಲ್ಲ. ಆಸ್ಪತ್ರೆಯ ಗೋಡೆಯ ಬಣ್ಣ, ನರ್ಸ್ ಹಾಡುತ್ತಿದ್ದ ಹಾಡು ಎಲ್ಲ ನೆನಪಿಟ್ಟು ಬರೆದವಳು, ಅಮ್ಮನನ್ನು ಒಂದು ಗಿಡದ ಬುಡದಲ್ಲಿ ನಿಲ್ಲಿಸಿ ಬಿಟ್ಟಿದ್ದೆ.

"ಆ ಮೂವತ್ತಾರು ದಿನ ನೀನು ಹೇಗಿದ್ದಿ ಅಮ್ಮ?"

ಅಮ್ಮ ದಾರಿಯ ಬದಿಯ ಕಲ್ಲಿನ ಮೇಲೆ ಕೂತಳು. "ಮೊದಲ ದಿನದಿಂದ ಹೇಳುದಾ?" ಎಂದಳು. ನಾನೂ ಕೂತೆ.