ಸಿಪ್ಪೆ ನೀರಿನ ಮುಚ್ಚಳ

ನಾಲ್ಕು ಮಹಡಿಯ ಆ ಕಟ್ಟಡಕ್ಕೆ ಎಪ್ಪತ್ತೆರಡು ಮೆಟ್ಟಿಲು. ಇಪ್ಪತ್ತು ವರ್ಷದಿಂದ ಅವನ್ನು ಗುಡಿಸಿ ಒರೆಸುತ್ತಿದ್ದವಳಿಗೆ ಮೆಟ್ಟಿಲಕ್ಕ ಎಂಬ ಹೆಸರು ಅಂಟಿಕೊಂಡಿತ್ತು. ಹುಟ್ಟುಹೆಸರನ್ನು ಕೇಳಿದವರಿಲ್ಲ, ಅವಳು ಹೇಳಲು ಹೋದವಳೂ ಅಲ್ಲ. ಯಾವ ಬಾಗಿಲ ಮುಂದೆ ಎಷ್ಟು ಜೊತೆ ಚಪ್ಪಲಿ, ಯಾವ ತಿರುವಿನಲ್ಲಿ ಅಂಚು ಒಡೆದಿದೆ, ಎಲ್ಲ ಬಾಯಿಪಾಠ.

ಕಲೆ ತೆಗೆಯಲು ಸುರಿಯುವ ಆಸಿಡ್ ಮಾತ್ರ ಅವಳ ಮೈಗೆ ಆಗಿಬರಲಿಲ್ಲ. ಬೆರಳ ಸಂದುಗಳು ಬಿರಿದವು. ಮೂರನೇ ಮಹಡಿ ಹತ್ತುವಷ್ಟರಲ್ಲಿ ಕೆಮ್ಮು ಎದೆ ಹಿಂಡುತ್ತಿತ್ತು. ಆಸಿಡ್ ಬಿಡಿ, ಇಲ್ಲವೇ ಕೆಲಸ ಬಿಡಿ ಎಂದುಬಿಟ್ಟರು ಡಾಕ್ಟರು. ಕೆಲಸ ಬಿಡಲು ಹೊಟ್ಟೆ ಒಪ್ಪಬೇಕಲ್ಲ. ಆಗ ಅವಳ ಕಣ್ಣಿಗೆ ಬಿದ್ದದ್ದು ಹಣ್ಣಿನ ರಸದ ಅಂಗಡಿಯವನು ದಿನವೂ ಎಸೆಯುತ್ತಿದ್ದ ಕಿತ್ತಳೆ ಸಿಪ್ಪೆ. ಅವಳ ತಾಯಿ ಇಂಥ ಸಿಪ್ಪೆಯನ್ನು ಕೊಳೆಯಲು ಹಾಕಿ, ಆ ನೀರಿನಿಂದ ನೆಲ ಉಜ್ಜುತ್ತಿದ್ದಳು. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು, ಮೇಲೆ ಮೂರು ತಿಂಗಳ ತಾಳ್ಮೆ.

ಕಟ್ಟಡದ ಮ್ಯಾನೇಜರು ನಕ್ಕರು. "ಮೂಗಿಗೆ ಘಾಟು ಹೊಡೀದಿದ್ರೆ ಚೊಕ್ಕಟ ಆಗಿದೆ ಅಂತ ಯಾರು ನಂಬ್ತಾರಕ್ಕ? ಸರಿ, ಮೂರು ತಿಂಗಳು ಕೊಡ್ತೀನಿ. ಆಮೇಲೂ ಮೆಟ್ಟಿಲ ಕಲೆ ಹೋಗಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀನಿ."

ಅವಳ ಕೋಣೆಯಲ್ಲಿ ಕಾಲು ಚಾಚಿದರೆ ಗೋಡೆ. ಹಾಗಾಗಿ ಸಿಪ್ಪೆ ನೀರು ತುಂಬಿದ ಮೂರು ಪ್ಲಾಸ್ಟಿಕ್ ಕ್ಯಾನುಗಳು, ಎರಡನೇ ಮಹಡಿಯಲ್ಲಿದ್ದ, ಬಾಣಂತನ ಮುಗಿಸಿದ್ದ ಹುಡುಗಿಯ ಬಾಲ್ಕನಿ ಸೇರಿದವು. ಆ ಹುಡುಗಿಯದು ಹಗ್ಗ ಕಂಡರೂ ಹಾವೆನ್ನುವ ಜೀವ. ಮಗು ಅಂಬೆಗಾಲಿಡತೊಡಗಿದ ಮೇಲೆ ಆಟಿಕೆಗಳನ್ನೂ ಕುದಿಸುತ್ತಿದ್ದಳು.

"ಅಕ್ಕ, ಇದನ್ನ ಮಗು ಕುಡಿದುಬಿಟ್ರೆ?"

"ಅದಕ್ಕೇ ಎತ್ತರದ ಹಲಗೆ ಮೇಲಿಟ್ಟಿದೀನಿ. ಮನೇಲಿ ಮಾಡಿದ್ದು ಅಂತ ಮಗು ಕೈಗೆ ಕೊಡಕ್ಕಾಗುತ್ತಾ?"

ದಿನಾ ಬೆಳಿಗ್ಗೆ ಬಂದು ಮುಚ್ಚಳ ತಿರುಗಿಸಿ, ಒಳಗೆ ತುಂಬಿದ ಗಾಳಿ ಬಿಟ್ಟು, ಮತ್ತೆ ಮುಚ್ಚುತ್ತಿದ್ದಳು ಮೆಟ್ಟಿಲಕ್ಕ. ಯಾಕೆಂದು ಹೇಳಿರಲಿಲ್ಲ. ಕೈ ಮಾಡುವ ಕೆಲಸವನ್ನು ಬಾಯಿ ಯಾಕೆ ಹೇಳಬೇಕು?

ಐದನೇ ವಾರ ಅವಳಿಗೆ ಜ್ವರ ಬಂತು. ನಾಲ್ಕು ದಿನ ಏಳಲಾಗಲಿಲ್ಲ. ಐದನೆಯ ಬೆಳಿಗ್ಗೆ ಬಂದಾಗ ಹುಡುಗಿ ಮೆಟ್ಟಿಲ ಮೇಲೇ ಕೂತಿದ್ದಳು, ಮುಖ ಬಾಡಿಸಿಕೊಂಡು.

"ಎರಡು ಕ್ಯಾನು ಸಿಡಿದುಹೋಯ್ತು ಅಕ್ಕ. ನಿನ್ನೆ ಮಧ್ಯಾಹ್ನ. ನೀವಿರಲಿಲ್ಲ, ಅದು ಗುಳುಗುಳು ಅಂತಿತ್ತು, ನಂಗೆ ಭಯ ಆಯ್ತು. ಮುಚ್ಚಳ ಬಿಗಿ ಮಾಡಿ ಟೇಪ್ ಸುತ್ತಿದೆ."

"ಟೇಪಾ?"

"ಮೂರು ಸುತ್ತು."

"ಕುಕ್ಕರ್ ಸೀಟಿಗೂ ಟೇಪ್ ಸುತ್ತೋಳು ಕಣೆ ನೀನು. ಮಗು ಎಲ್ಲಿತ್ತು?"

"ಒಳಗೆ ಮಲಗಿತ್ತು."

"ಹಾಗಾದ್ರೆ ಬಿಡು. ಸಿಪ್ಪೆ ಇನ್ನೂ ಸಿಗುತ್ತೆ."

ಬಾಯಿ ಹಾಗೆಂದಿತು, ಮನಸ್ಸು ಲೆಕ್ಕ ಹಾಕುತ್ತಿತ್ತು. ಉಳಿದದ್ದು ಎರಡು ತಿಂಗಳು. ಹೊಸ ಸಿಪ್ಪೆ ಹದಕ್ಕೆ ಬರಲು ಮೂರು ಬೇಕು. ಉಳಿದ ಒಂದು ಕ್ಯಾನು ಎಪ್ಪತ್ತೆರಡು ಮೆಟ್ಟಿಲಿಗೆ ಯಾವ ಮೂಲೆಗೆ?

ಹೆದರಿ ಬಾಲ್ಕನಿ ಬಾಗಿಲು ಹಾಕಿದ ಹುಡುಗಿ ಮತ್ತೆ ತೆರೆದೇ ಇರಲಿಲ್ಲ. ಮೆಟ್ಟಿಲಕ್ಕ ಮೊದಲು ಮೂರನೇ ಕ್ಯಾನಿನ ಟೇಪು ಬಿಡಿಸಿ, ಮುಚ್ಚಳ ಕೂದಲೆಳೆಯಷ್ಟು ತಿರುಗಿಸಿದಳು. ಬುಸ್ ಎಂದಿತು. ಆಮೇಲೆ ಸಿಪ್ಪೆ ಬಾಚಿ ನೆಲ ಒರೆಸತೊಡಗಿದಳು. ಅಷ್ಟರಲ್ಲಿ ಮ್ಯಾನೇಜರು ಹತ್ತಿ ಬಂದರು. ಕೆಳಗಿನ ಮನೆಯವರು ಬಾಂಬು ಬಿದ್ದಿದೆ ಎಂದು ದೂರು ಕೊಟ್ಟಿದ್ದರಂತೆ. ಬೈಯಲೆಂದೇ ಬಂದವರು ನೆಲ ನೋಡಿ ನಿಂತರು. ಹೂಕುಂಡಗಳಿಟ್ಟ ಜಾಗದಲ್ಲಿ ಗಟ್ಟಿಯಾಗಿ ಕಚ್ಚಿದ್ದ ಬಿಳಿ ಉಪ್ಪಿನ ಬಳೆಗಳು, ಸಿಪ್ಪೆ ನೀರು ನಿಂತಿದ್ದ ಕಡೆ ಬಟ್ಟೆಯ ಜೊತೆಗೇ ಎದ್ದು ಬರುತ್ತಿದ್ದವು. ನೀರು ತಾಗದ ಕಡೆ ಹಾಗೇ ಇದ್ದವು.

"ಯಾವ ಆಸಿಡ್ ಇದು?"

"ಮೆಟ್ಟಿಲಕ್ಕನ ಸಿಪ್ಪೆ ನೀರು," ಎಂದಳು ಹುಡುಗಿ, ಅಪರೂಪಕ್ಕೆ ಗಟ್ಟಿ ದನಿಯಲ್ಲಿ. "ಇನ್ನೂ ಹದ ಕೂಡ ಆಗಿಲ್ಲ. ಸಿಡಿಸಿದ್ದು ನಾನು. ಅವರ ತಪ್ಪಿಲ್ಲ."

ಮ್ಯಾನೇಜರು ಬಗ್ಗಿ ನೆಲ ಸವರಿ ಬೆರಳು ಮೂಸಿದರು. "ಘಾಟಿಲ್ಲ," ಎಂದರು, ಬೇಸರವೋ ಸಮಾಧಾನವೋ ತಿಳಿಯದ ಹಾಗೆ. "ಹೊಸದಾಗಿ ಹಾಕಿ. ಇವತ್ತಿಂದ ಮೂರು ತಿಂಗಳು. ಮತ್ತೆ ಸಿಡಿಸ್ಬೇಡಿ, ಅಷ್ಟೇ."

ಈಗ ಕ್ಯಾನುಗಳು ಮತ್ತೆ ಮೂರು, ಬೆಳಿಗ್ಗೆ ಅವುಗಳ ಮುಚ್ಚಳ ತಿರುಗಿಸುವುದು ಹುಡುಗಿಯದೇ ಕೆಲಸ. ಬುಸ್ ಎನ್ನುವುದಕ್ಕೆ ಮಗು ಕೇಕೆ ಹಾಕುತ್ತದೆ. ಮೆಟ್ಟಿಲಕ್ಕ ಕೆಳಗೆ ನಿಂತು ಎಣಿಸುತ್ತಾಳೆ, ಒಂದು, ಎರಡು. ಮೂರನೆಯ ಕೇಕೆ ಕೇಳುವ ತನಕ ಬಕೆಟ್ ಎತ್ತುವುದಿಲ್ಲ.