ಬಿಂದುವಿನಾಚೆ ನಿಂತ ನೀರು

ಕಳೆದ ಮಂಗಳವಾರ ಬೆಳಿಗ್ಗೆ ನನ್ನ ಫೋನಿನ ಪರದೆ ‘ಕಾಲುವೆ ಗೇಟು ಅರ್ಧ ಮೀಟರು ತೆರೆದಿದೆ’ ಎನ್ನುತ್ತಿತ್ತು. ಅದೇ ಫೋನಿಗೆ ಕರೆ ಮಾಡಿದ ಮಲ್ಲಮ್ಮ ‘ಗೇಟು ಮುಚ್ಚೈತಿ’ ಎನ್ನುತ್ತಿದ್ದರು. ಯಾರನ್ನು ನಂಬುವುದು?

ನಾನು ಪರದೆಯನ್ನು ನಂಬಿದೆ. (ಪ್ರೋಗ್ರಾಂ ಬರೆದವಳು ನಾನೇ ತಾನೆ?)

ಶಹಾಪುರದ ಹತ್ತಿರ, ಮರಿಗಾಲುವೆಯ ಕೊನೆಗೆ ಮಲ್ಲಮ್ಮನ ಭತ್ತದ ಗದ್ದೆ. ಅಲ್ಲಿನ ರೈತರೆಲ್ಲ ಸೇರಿ ತಮ್ಮ ಗೇಟಿಗೆ ಮೋಟಾರು ಕೂಡಿಸಿದ್ದಾರೆ. ಫೋನಿನಿಂದ ಅಳತೆ ಕಳಿಸುವ ಪ್ರೋಗ್ರಾಂ ನನ್ನದು, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ಗೇಟಿನ ಪೆಟ್ಟಿಗೆಯಲ್ಲಿ ಕೂತು ಅದನ್ನು ಕೇಳಿಸಿಕೊಳ್ಳುವುದು ಸುರಪುರದ ರಫೀಕ್ ಬರೆದ ಪ್ರೋಗ್ರಾಂ, ಸಿ ಭಾಷೆಯಲ್ಲಿ. ಒಂದು ಮೀಟರು, ಎರಡು ಮೀಟರು ಎಂದು ಪರೀಕ್ಷೆ ಮಾಡಿದಾಗ ಗೇಟು ಹೇಳಿದಂತೆ ಕೇಳಿತ್ತು.

“ಯವ್ವಾ, ನನ್ನ ನೀರಿನ ಪಾಳಿ ಮಧ್ಯಾಹ್ನಕ್ಕ ಮುಗೀತೈತಿ. ಸಸಿ ಹಚ್ಚೋ ಹೆಣ್ಮಕ್ಕಳು ಬದುವಿನ ಮ್ಯಾಲ ಕುಂತಾರ,” ಎಂದರು ಮಲ್ಲಮ್ಮ.

“ಇಲ್ಲಿ ತೆರದೈತಿ ಅಂತ ತೋರಸಾಕತ್ತೈತ್ರಿ.”

“ಹಂಗಾದ್ರ ನಿನ್ನ ಫೋನಿನ್ಯಾಗ ಸಸಿ ಹಚ್ಚಲೇನು?”

ಸ್ಕೂಟಿ ಹತ್ತಿ ಹೋದೆ. ಗೇಟು ಭದ್ರವಾಗಿ ಮುಚ್ಚಿತ್ತು. ಆ ಕಡೆ ತುಂಬಿದ ನೀರು, ಈ ಕಡೆ ಒಣಗಿದ ಕೆಸರು. ಸಸಿಯ ಕಟ್ಟು ಪಕ್ಕಕ್ಕಿಟ್ಟುಕೊಂಡ ಹೆಂಗಸರು ನನ್ನನ್ನು ನೋಡಿದರು. ಬೈದಿದ್ದರೂ ವಾಸಿಯಿತ್ತು.

ರಫೀಕನಿಗೆ ಫೋನ್ ಮಾಡಿದೆ.

“ಅಕ್ಕಾ, ನನ್ನ ಕಡಿ ಎಲ್ಲಾ ಸರಿ ಐತಿ. ನೀವು ಸೊನ್ನಿ ಕಳಿಸೀರಿ, ಅದು ಮುಚ್ಕೊಂಡೈತಿ.”

“ಸೊನ್ನಿ ಅಲ್ಲೋ. ಸೊನ್ನಿ ಪಾಯಿಂಟ್ ಐದು.”

ಅವನು ತನ್ನ ಪ್ರೋಗ್ರಾಂ ತೆರೆದು ನೋಡಿದ. “ಪಾಯಿಂಟ್ ಬರತೈತಂತ ನನಗ್ಯಾರು ಹೇಳಿದ್ರು? ನಾ ಇಂಟ್ ಇಟ್ಟೀನಿ.”

ಇಂಟ್ ಎಂದರೆ ಪೂರ್ಣ ಸಂಖ್ಯೆಗೆ ಮಾತ್ರ ಜಾಗ. ದಶಮಾಂಶ ಬಿಂದುವಿನ ನಂತರ ಏನಿದ್ದರೂ ಸಿ ಅದನ್ನು ಸದ್ದಿಲ್ಲದೆ ಕತ್ತರಿಸಿಬಿಡುತ್ತದೆ. ನನ್ನ ಅರ್ಧ ಮೀಟರು ಅಲ್ಲಿ ಸೊನ್ನೆಯಾಗಿತ್ತು. ನನ್ನ ಪರದೆಯೋ, ತಾನು ಕಳಿಸಿದ್ದನ್ನೇ ತೋರಿಸುತ್ತಿತ್ತು. ಗೇಟನ್ನು ಒಂದು ಮಾತು ಕೇಳಿರಲಿಲ್ಲ.

ಹ್ಯಾಂಡಲ್ ಹಾಕಿ, ಕೈಯಿಂದಲೇ ತಿರುಗಿಸಿ ಗೇಟು ಎತ್ತಿದೆವು. ನೀರು ಗದ್ದೆ ಮುಟ್ಟುವಷ್ಟರಲ್ಲಿ ಮುಂದಿನ ಪಾಳಿಯ ಶರಣಪ್ಪ ಬಂದು ನಿಂತಿದ್ದರು. ನೀರಿಗಾಗಿ ಇಲ್ಲಿ ಅಣ್ಣತಮ್ಮಂದಿರೇ ಮಾತು ಬಿಟ್ಟಿದ್ದಾರೆ.

ಅವರು ಎಲ್ಲ ಕೇಳಿಸಿಕೊಂಡು ಹೇಳಿದರು: “ಸಂಜೀ ತನಕ ನೀನ ನೀರು ಬಿಟ್ಕೋ ಮಲ್ಲಮ್ಮ. ನಾಳಿ ನಂದೂ ಹಿಂಗಾದ್ರ ಈ ಅಕ್ಕಾರ ಬಂದು ಸಸಿ ಹಚ್ಚತಾರ.”

ಹೆಂಗಸರು ನಕ್ಕರು. ನನಗೆ ನಗು ಬರಲಿಲ್ಲ. ಕತ್ತಲಾಗುವ ಮುಂಚೆ ಮುಕ್ಕಾಲು ಗದ್ದೆಗೆ ಸಸಿ ಹಚ್ಚಿಯಾಯಿತು. ಉಳಿದದ್ದಕ್ಕೆ ಮಲ್ಲಮ್ಮ ಮುಂದಿನ ಪಾಳಿ ಕಾಯಬೇಕು.

ಮರುದಿನ ರಫೀಕ್ ಮತ್ತು ನಾನು ಎದುರುಬದುರು ಕೂತು ಒಪ್ಪಂದ ಮಾಡಿಕೊಂಡೆವು. ಎರಡೂ ಕಡೆ ಮಿಲಿಮೀಟರು, ಎರಡೂ ಕಡೆ ಪೂರ್ಣ ಸಂಖ್ಯೆ. ಅರ್ಧ ಮೀಟರು ಇನ್ನು ಐನೂರು. ಬಿಂದು ಬಂದರೆ ಗೇಟು ಒಪ್ಪಬಾರದು, ‘ಎರರ್’ ಎಂದು ಜಗಳ ತೆಗೆಯಬೇಕು. ಎಷ್ಟು ತೆರೆದಿದೆ ಎಂಬುದನ್ನು ಗೇಟೇ ಅಳೆದು ಹೇಳಬೇಕು.

ಆದರೂ ತಳಮಳ ಹೋಗಿಲ್ಲ. ಬ್ಯಾಂಕು, ಆಸ್ಪತ್ರೆ, ರೈಲು, ಎಲ್ಲ ಕಡೆ ಒಂದು ಭಾಷೆ ಇನ್ನೊಂದಕ್ಕೆ ಸಂಖ್ಯೆ ದಾಟಿಸುತ್ತಲೇ ಇದೆ.

‘ಎರರ್’ ಎಂದು ಕಿರುಚುವ ಪ್ರೋಗ್ರಾಮನ್ನು ಬೈಯುತ್ತೇವೆ. ಅರ್ಧ ಕೇಳಿಸಿಕೊಂಡು ‘ಆಯ್ತು’ ಎನ್ನುವುದನ್ನು ಹಿಡಿಯುವವರು ಯಾರು?