ನಿಂತರೆ ಆರುವ ದೀಪ

ನಮ್ಮವ್ವ ಚಿತ್ತಮ್ಮ ಸೈಕಲ್ ಹತ್ತಿದವಳಲ್ಲ, ಅದರ ಹ್ಯಾಂಡಲ್ ಹಿಡಿದವಳೂ ಅಲ್ಲ. ಆದರೂ ೧೯೭೪ರಲ್ಲಿ ನನ್ನ ಸೈಕಲ್ಲಿಗೆ ಎಂಥ ದೀಪ ಇರಬೇಕೆಂದು ತೀರ್ಮಾನಿಸಿದವಳು ಅವಳೇ, ಎಸ್ಸೆಸ್ಸೆಲ್ಸಿ ಪಾಸಾದ ನಾನಲ್ಲ.

ಹಿರೇಗುಂಟನೂರಿನ ಹತ್ತಿರದ ಹಟ್ಟಿ ನಮ್ಮದು. ಸಂಜೆ ಅಣ್ಣ ಕುರಿ ಹೊಡೆದುಕೊಂಡು ಬಂದರೆ ಅವ್ವ ಕುರಿ ಕೂಡುವ ರೊಪ್ಪದ ಬಾಯಲ್ಲಿ ನಿಂತು ಒಂದೊಂದರ ಬೆನ್ನು ಮುಟ್ಟಿ ಒಳಗೆ ಬಿಡುತ್ತಿದ್ದಳು. ಆಮೇಲೂ ಬಾಯಿಗೆ ಮುಳ್ಳು ಎಳೆದು ಮುಚ್ಚುತ್ತಿರಲಿಲ್ಲ. ನಾನು ಬರಬೇಕು, ನನ್ನ ಬೆನ್ನೂ ಮುಟ್ಟಬೇಕು, ಆಗ "ಎಲ್ಲಾ ಬಂದ್ವು" ಎನ್ನಬೇಕು. ಕುರಿಗಳ ಲೆಕ್ಕದಲ್ಲಿ ನನ್ನನ್ನೂ ಸೇರಿಸುತ್ತಾಳಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪ ಬದುಕಿದ್ದಾಗ ತೋಳ ಬೆದರಿಸಲೆಂದು ಕೊಂಡಿದ್ದ ಎರಡು ಸೆಲ್ಲಿನ ಬ್ಯಾಟರಿ, ಅಂದರೆ ಟಾರ್ಚು, ರೊಪ್ಪದ ಗೋಡೆಯ ಗೂಡಿನಲ್ಲಿ ಇರುತ್ತಿತ್ತು. ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ.

ಆ ವರ್ಷ ಚಿತ್ರದುರ್ಗದ ಎಣ್ಣೆ ಗಿರಣಿಯೊಂದರಲ್ಲಿ ಶೇಂಗಾ ಮೂಟೆ ತೂಗಿ ಬರೆದುಕೊಳ್ಳುವ ಕೆಲಸ ಸಿಕ್ಕಿತು. ಗಿರಣಿ ಬಿಡುವುದೇ ಹೊತ್ತು ಮುಳುಗುವಾಗ, ಹಟ್ಟಿಯ ಎದುರಿನ ಕೆರೆ ಏರಿಗೆ ಬರುವಷ್ಟರಲ್ಲಿ ಕತ್ತಲು. ಹೀಗಿರುವಾಗ ನಮ್ಮ ಹಟ್ಟಿಯ ಚಿಕ್ಕತಿಮ್ಮಪ್ಪ ದೀಪವಿಲ್ಲದ ಸೈಕಲ್ಲಿನಲ್ಲಿ ಎದುರಿನ ಗಾಡಿಗೆ ಗುದ್ದಿ ಕಾಲು ಮುರಿದುಕೊಂಡ. ಅವ್ವ ಅಂದೇ ತೀರ್ಪು ಕೊಟ್ಟಳು.

"ದೀಪ ಇಲ್ದೆ ಇನ್ನೊಂದು ದಿನ ಕತ್ತಲಾಗೆ ಬಂದ್ಯೋ, ಗಿರಣಿ ಬಿಟ್ಟು ಕುರಿ ಹಿಂದೆ ನಡಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದಂತಾಯಿತು. ಹೋಗಲಿ, ಗೂಡಿನ ಬ್ಯಾಟರಿಯನ್ನಾದರೂ ಕೊಡು ಎಂದರೆ ಅದು ಕುರಿಗೆ ಎಂದಳು. ಮಗನಿಗಿಂತ ಕುರಿಯೇ ಹೆಚ್ಚೇ ಎಂದು ಕೇಳಿದರೆ ರೊಪ್ಪದ ಕಡೆ ಹೊರಟೇ ಹೋದಳು.

ದುರ್ಗದಲ್ಲಿ ಅಬ್ದುಲ್ ರಶೀದರ ಸೈಕಲ್ ಅಂಗಡಿಗೆ ಹೋದೆ. ಅವರು ಮೂರು ಬಗೆ ತೋರಿಸಿದರು. ಸೀಮೆಎಣ್ಣೆಯ ದೀಪ ಅಗ್ಗ, ಆದರೆ ನಮ್ಮ ಕಡೆಯ ಗಾಳಿಗೆ ನಿಲ್ಲುವುದಿಲ್ಲ. ಸೆಲ್ಲಿನ ದೀಪ ಚೆನ್ನ, ಆದರೆ ದಿನವೂ ಉರಿಸಿದರೆ ಸೆಲ್ಲು ಹಾಕುವುದಕ್ಕೇ ದುಡಿಯಬೇಕು. ಡೈನಮೋ ಮಾತ್ರ ಒಮ್ಮೆ ಕೊಂಡರೆ ಮುಗಿಯಿತು, ಗಾಲಿ ತಿರುಗಿದರೆ ತಾನೇ ಉರಿಯುತ್ತದೆ. ಯಾರೋ ಬಿಚ್ಚಿಸಿ ಹೋಗಿದ್ದ ಹಳೆಯದೊಂದು ಅರ್ಧ ಬೆಲೆಗೆ ಸಿಕ್ಕಿತು. ನನ್ನಂಥ ಬುದ್ಧಿವಂತ ಇಲ್ಲ ಅಂದುಕೊಂಡೆ.

ಅವತ್ತು ಸಂಜೆ ಏರಿಯ ಮೇಲೆ ಬೆಳಕು ಚೆಲ್ಲುತ್ತ ಬರುತ್ತಿದ್ದಾಗ ಎದುರಿಗೆ ಪಕ್ಕದ ಹಟ್ಟಿಯ ಮುದ್ದಪ್ಪನ ಹಿಂಡು ಬಂತು. ಕುರಿ ಸಾಕುವವರ ಮಕ್ಕಳು ಹಿಂಡು ಸೀಳಿಕೊಂಡು ಹೋಗುವುದಿಲ್ಲ, ಹೋದರೆ ತಾಯಿ ಒಂದು ಕಡೆ, ಮರಿ ಒಂದು ಕಡೆ ಆಗುತ್ತವೆ. ಇಳಿದು ಬದಿಗೆ ನಿಂತೆ. ಗಾಲಿ ನಿಂತಿತು, ದೀಪವೂ ಹೋಯಿತು. ಕುರಿಗಳೆಲ್ಲ ದಾಟಿದರೂ ಮುದ್ದಪ್ಪನ ಮಾತು ಮುಗಿಯಲಿಲ್ಲ, ನನ್ನದೂ ಮುಗಿಯಲಿಲ್ಲ.

ಹಟ್ಟಿಯಿಂದ ನೋಡುತ್ತಿದ್ದ ಅವ್ವನಿಗೆ ಕಂಡದ್ದು ಇಷ್ಟೇ: ಏರಿಯ ಮೇಲೆ ಬರುತ್ತಿದ್ದ ಬೆಳಕು ಥಟ್ಟನೆ ಇಲ್ಲವಾಯಿತು. ಮಗ ಕೆರೆಗೆ ಬಿದ್ದನೆಂದೇ ತಿಳಿದು ಲಾಟೀನು ಹಿಡಿದು ಬರಿಗಾಲಲ್ಲಿ ಓಡಿ ಬಂದಳು. ಹಿಂದೆ ಅರ್ಧ ಹಟ್ಟಿ. ನೋಡಿದರೆ ನಾನು ಮುದ್ದಪ್ಪನ ಬೀಡಿಗೆ ಕಡ್ಡಿ ಗೀರುತ್ತಿದ್ದೆ. ಅವ್ವ ಬೆನ್ನಿಗೊಂದು ಗುದ್ದಿದಳು, ಗುದ್ದಿದ ಕೈಯಲ್ಲೇ ನನ್ನ ಅಂಗಿ ಹಿಡಿದುಕೊಂಡು ಅತ್ತಳು. ಅಷ್ಟು ನಾಚಿಕೆ ನನಗೆ ಮೊದಲೆಂದೂ ಆಗಿರಲಿಲ್ಲ. ನಾಚಿಕೆಯ ಜೊತೆಗೆ, ಕೆಲಸ ಹೋಯಿತೆಂಬ ಸಂಕಟ.

ಬೆಳಿಗ್ಗೆ ನೋಡಿದರೆ ಅವ್ವ ಚೀಲ ಹಿಡಿದು ನಿಂತಿದ್ದಾಳೆ. "ನಡಿ, ಆ ಸಾಬ್ರ ಅಂಗಡಿಗೆ ಹೋಗಾಣ." ಅವಳು ಬಸ್ಸಿಗೆ, ನಾನು ಸೈಕಲ್ಲಿಗೆ.

ರಶೀದರು ಕುಂತ್ಕಳ್ರಿ ಎಂದರೂ ಕೂರಲಿಲ್ಲ. ಸೀಮೆಎಣ್ಣೆ ದೀಪ ಹಚ್ಚಿಸಿ ಒಮ್ಮೆ ಊದಿದಳು, ಆರಿತು. ಅದು ಬೇಡ. ಸೆಲ್ಲಿನ ದೀಪದ ಬೆಲೆ ಕೇಳಿ ಮೆಲ್ಲಗೆ ಕೆಳಗಿಟ್ಟಳು. ಕೊನೆಗೆ ನನ್ನ ಗಾಲಿ ತಿರುಗಿಸಲು ಹೇಳಿ, ಉರಿಯುವಾಗ ಕೈಯಿಟ್ಟು ನಿಲ್ಲಿಸಿದಳು.

"ಕುರಿ ಕೊರಳ ಗಂಟೆನೂ ಇಂಗೇ ಸಾಬ್ರೇ. ಸದ್ದು ನಿಂತ್ರೆ ಮೇಯ್ತಾ ಐತೋ, ತೋಳ ಹಿಡಿದೈತೋ ತಿಳಿಯಲ್ಲ."

ರಶೀದರು ಇಷ್ಟು ವರ್ಷ ದೀಪ ಮಾರಿದರೂ ಈ ಮಾತು ತಮಗೆ ಹೊಳೆದಿರಲಿಲ್ಲ ಎಂದರು. ನಿಂತವನನ್ನೇ ಅಲ್ಲವೇ ಲಾರಿಯವನು ಮೊದಲು ನೋಡಬೇಕಾದದ್ದು ಎಂದೂ ಸೇರಿಸಿದರು. ಅವ್ವ ಚೀಲಕ್ಕೆ ಕೈಹಾಕಿ ರೊಪ್ಪದ ಗೂಡಿನ ಬ್ಯಾಟರಿಯನ್ನು ತೆಗೆದಳು. ನಡೆಯುವಾಗ ಡೈನಮೋ ಉರಿಯಲಿ, ನಿಂತಾಗ ಮಾತ್ರ ಇದು, ಸೆಲ್ಲೂ ಬೇಗ ಮುಗಿಯುವುದಿಲ್ಲ ಎಂದಳು. ತೋಳ ಬಂದರೆ ಏನು ಮಾಡುತ್ತೀ ಎಂದು ನಾನು ಕೇಳಿದೆ.

"ಕುರಿಗೆ ನಾಯಿ ಐತೆ. ನಿನಗ್ಯಾರವ್ರೆ?"

ರಶೀದರು ಹಳೇ ಟ್ಯೂಬಿನ ರಬ್ಬರು ಸುತ್ತಿ, ತಗಡಿನ ಪಟ್ಟಿಯಿಂದ ಬ್ಯಾಟರಿಯನ್ನು ಹ್ಯಾಂಡಲಿಗೆ ಬಿಗಿದರು. ಗಿರಣಿ ಕಡೆ ಸೈಕಲ್ ತಿರುಗಿಸಿದಾಗ ಎದೆಯ ಮೇಲಿನ ಮೂಟೆ ಇಳಿಸಿದ ಹಾಗಾಯಿತು.

ಸಂಜೆ ಏರಿಯ ಮೇಲೆ ಹಿಂಡು ಇರಲಿಲ್ಲ, ಆದರೂ ಇಳಿದೆ. ಡೈನಮೋ ಆರಿತು, ಬ್ಯಾಟರಿಯ ಗುಂಡಿ ಒತ್ತಿದೆ. ದೂರದಲ್ಲಿ ಹಟ್ಟಿಯ ಲಾಟೀನು ಇದ್ದಲ್ಲೇ ಇತ್ತು, ಯಾರೂ ಓಡಿ ಬರಲಿಲ್ಲ. ಮನೆ ಮುಟ್ಟಿದಾಗ ಅವ್ವ ರೊಪ್ಪದ ಬಾಯಲ್ಲಿ ಕಾಯುತ್ತಿದ್ದಳು. ನಾನು ಸೈಕಲ್ ನಿಲ್ಲಿಸಿ ಹತ್ತಿರ ಹೋಗಿ, ಅವಳ ಕೈಗೆ ಸಿಗಲೆಂದು ಬೆನ್ನು ಬಾಗಿಸಿದೆ.

"ಎಲ್ಲಾ ಬಂದ್ವು" ಎಂದು ಅವ್ವ ಮುಳ್ಳು ಎಳೆದಳು.